ಸೆಕೆಂಡ್ ಹ್ಯಾಂಡ್ ಕಾರು: ಕುರೆಕುಪ್ಪ ಸೀಮೆಯಲ್ಲಿ ಕೊಳ್ಳುವ ಮುನ್ನ ಕಾಣಬೇಕಾದ ಸುಳಿವುಗಳು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರ ಕಣ್ಣು ಮೊದಲು ಬಣ್ಣದ ಮೇಲೆ, ಆಮೇಲೆ ಮೀಟರ್ ಮೇಲೆ, ಎಲ್ಲ ಮುಗಿದು ಅಡ್ವಾನ್ಸ್ ಕೊಡುವ ಹೊತ್ತಿಗೆ ಕಾಗದದ ಮೇಲೆ ಬೀಳುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಇಂಜಿನ್ ಕೆಟ್ಟಿದ್ದರೆ ಹಣ ಹಾಕಿ ರಿಪೇರಿ ಮಾಡಿಸಬಹುದು. ಕಾಗದ ಕೆಟ್ಟಿರುವ ಗಾಡಿಯನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ. ಆದ್ದರಿಂದ ಮೊದಲ ತಪಾಸಣೆ ಮಾರುವವನದು, ಎರಡನೆಯದು ಕಾಗದದ್ದು, ಕಾರಿನ ಸರದಿ ಮೂರನೆಯದು.

ಸಂಡೂರು ತಾಲ್ಲೂಕಿನ ಕುರೆಕುಪ್ಪ ಮತ್ತು ಅದರ ಮಗ್ಗುಲಿನ ತೋರಣಗಲ್ಲಿನ ಸುತ್ತ ಮಾರಾಟಕ್ಕೆ ಬರುವ ಕಾರುಗಳ ಪೂರ್ವಚರಿತ್ರೆ ಬೇರೆ ಊರುಗಳಂತಿಲ್ಲ. ಉಕ್ಕಿನ ಕಾರ್ಖಾನೆಗೆ ದೇಶದ ನಾನಾ ಮೂಲೆಗಳಿಂದ ಬಂದ ನೌಕರರು ವರ್ಗವಾದಾಗ ಮಾರಿಹೋಗುವ ಕಾರುಗಳಿವೆ. ಗಣಿ ಮತ್ತು ಕಾರ್ಖಾನೆಗಳಿಗೆ ಗುತ್ತಿಗೆಯ ಮೇಲೆ ಹಗಲಿರುಳು ಓಡಿದ ಗಾಡಿಗಳಿವೆ. ಹೊಸಪೇಟೆಯಿಂದ ಹಂಪಿಗೆ ಪ್ರವಾಸಿಗರನ್ನು ಸಾಗಿಸಿದ ಟ್ಯಾಕ್ಸಿಗಳಿವೆ. ಕಂಪ್ಲಿ ಕಡೆಯ ಭತ್ತದ ಗದ್ದೆಗಳ ಕೆಸರು ಕಂಡವೂ, ಆಂಧ್ರದ ಗಡಿ ದಾಟಿ ಬಂದವೂ ಇವೆ. ಒಂದೊಂದು ಬಗೆಯ ಬಳಕೆ ಗಾಡಿಯ ಮೇಲೆ ಒಂದೊಂದು ಬಗೆಯ ಗುರುತು ಬಿಡುತ್ತದೆ, ಪಾಲಿಶ್ ಹೊಡೆದರೂ ಆ ಗುರುತು ಪೂರ್ತಿ ಅಳಿಯುವುದಿಲ್ಲ.

ಮಾರುವವನು ಯಾರು?

ಹಳೆಯ ವಾಹನಗಳ ಡೀಲರ್‌ಗಳಿಗೆ ಕಾನೂನಿನ ಚೌಕಟ್ಟು ಬಂದದ್ದು ತೀರಾ ಈಚೆಗೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಇದರ ಪ್ರಕಾರ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರ ಪ್ರಮಾಣಪತ್ರ ಪಡೆಯಬೇಕು, ಅದರ ಅವಧಿ 5 ವರ್ಷ. ಮಾಲೀಕ ಕಾರನ್ನು ಡೀಲರ್ ಕೈಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ಆ ಸಂಗತಿ ಇಲಾಖೆಯ ದಾಖಲೆಗೆ ಹೋಗಬೇಕು. ಅಲ್ಲಿಂದ ಮುಂದೆ ಆ ವಾಹನದ ಹೊಣೆ ಡೀಲರನದು. ಹೆಸರು ವರ್ಗಾವಣೆ, ನೋಂದಣಿ ನವೀಕರಣ, ನಿರಾಕ್ಷೇಪಣಾ ಪತ್ರಗಳಿಗೆ ಅವನೇ ಅರ್ಜಿ ಹಾಕಬಹುದು. ಅಂಗಳದಲ್ಲಿರುವ ಕಾರನ್ನು ಅವನು ಸ್ವಂತ ಕೆಲಸಕ್ಕೆ ಓಡಿಸುವಂತಿಲ್ಲ. ಟ್ರಯಲ್, ರಿಪೇರಿ, ಬಣ್ಣ, ತಪಾಸಣೆ ಇಂಥವುಗಳಿಗಷ್ಟೇ ರಸ್ತೆಗೆ ತರಬಹುದು, ಹಾಗೆ ತಂದ ಓಡಾಟದ ಲೆಕ್ಕವನ್ನೂ ಇಡಬೇಕು.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಅಧಿಕಾರ ಪ್ರಮಾಣಪತ್ರ ಇದೆಯೇ, ಈ ಕಾರಿನ 29ಸಿ ಆಗಿದೆಯೇ ಎಂದು ಕೇಳಬೇಕು. ಎರಡಕ್ಕೂ ಉತ್ತರ ‘ಇಲ್ಲ’ ಎಂದಾದರೆ ಎದುರಿಗಿರುವವನು ಡೀಲರ್ ಅಲ್ಲ, ಬ್ರೋಕರ್. ಬ್ರೋಕರ್ ಮೂಲಕ ಕೊಳ್ಳುವುದು ಅಪರಾಧವೇನಲ್ಲ. ಆದರೆ ಆಗ ವ್ಯವಹಾರ ನಡೆಯಬೇಕಾದ್ದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನ ಜೊತೆ ನೇರವಾಗಿ. ‘ಮಾಲೀಕರು ಊರಲ್ಲಿಲ್ಲ, ಎಲ್ಲ ಸಹಿ ನಮ್ಮ ಹತ್ತಿರ ಇದೆ’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ, ಮಾಲೀಕರ ಜೊತೆ ಮಾತನಾಡಿಸುವಂತೆ ಕೇಳಬೇಕು. ಅದಕ್ಕೆ ಅವಕಾಶ ಕೊಡದ ವ್ಯಾಪಾರ ಎಷ್ಟೇ ಅಗ್ಗವಾದರೂ ಬೇಡ.

ಖಾಲಿ ಫಾರಂಗಳ ಅಪಾಯ ಎಷ್ಟೆಂಬುದು ಅನೇಕರಿಗೆ ಗೊತ್ತಿಲ್ಲ. ವಾಹನ ವರ್ಗಾವಣೆಯ ತಿಳಿವಳಿಕೆಗೆ ಫಾರಂ 29, ಅರ್ಜಿಗೆ ಫಾರಂ 30. ಮೊದಲ ಮಾಲೀಕನಿಂದ ಇವೆರಡಕ್ಕೂ ತಾರೀಖಿಲ್ಲದೆ, ಕೊಳ್ಳುವವರ ಹೆಸರಿಲ್ಲದೆ ಸಹಿ ಹಾಕಿಸಿಟ್ಟುಕೊಳ್ಳುವುದು ಈ ವ್ಯಾಪಾರದ ಹಳೆಯ ರೂಢಿ. ಕಾರು ಮೂರು ಕೈ ಬದಲಾದರೂ ದಾಖಲೆಯಲ್ಲಿ ಮೊದಲ ಮಾಲೀಕನ ಹೆಸರೇ ಉಳಿಯುತ್ತದೆ. ನಡುವೆ ಅವನು ತೀರಿಕೊಂಡರೆ ಆ ಸಹಿಗೆ ಬೆಲೆಯಿಲ್ಲ. ವಾರಸುದಾರರು ಫಾರಂ 31ರ ದಾರಿ ಹಿಡಿಯಬೇಕು. ಅಪಘಾತವಾದರೆ ಹೊಣೆ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ಬಂದಿದೆ. ಇದು ಮಾರಿದವನಿಗೆ ಎಷ್ಟು ಕಷ್ಟವೋ ಕೊಂಡವನಿಗೂ ಅಷ್ಟೇ: ಹಣ ಕೊಟ್ಟು ಗಾಡಿ ಮನೆ ಮುಂದೆ ನಿಲ್ಲಿಸಿಕೊಂಡರೂ ಕಾನೂನಿನ ಕಣ್ಣಿಗೆ ಅದು ಇನ್ನೊಬ್ಬರ ಗಾಡಿ.

ಆರ್‌ಸಿ ಓದುವ ಬಗೆ

ಆರ್‌ಸಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಲದು. ಕಾರ್ಡ್ ಹಳೆಯದಿರಬಹುದು, ನಕಲಿಯೂ ಇರಬಹುದು. ಎಂಪರಿವಾಹನ್ ಆ್ಯಪ್‌ನಲ್ಲೋ ಪರಿವಾಹನ್ ಜಾಲತಾಣದಲ್ಲೋ ನಂಬರ್ ಹಾಕಿ, ಅಲ್ಲಿ ಬರುವ ವಿವರಗಳನ್ನು ಕಾರ್ಡಿನ ಜೊತೆಗೂ ಎದುರಿಗಿರುವ ಕಾರಿನ ಜೊತೆಗೂ ಹೋಲಿಸಬೇಕು. ಇಂಧನ, ಬಣ್ಣ, ನೋಂದಣಿ ದಿನಾಂಕ, ಮಾಲೀಕರ ಕ್ರಮಸಂಖ್ಯೆ ಇವೆಲ್ಲ ತಾಳೆಯಾಗಬೇಕು. ‘ಸಿಂಗಲ್ ಓನರ್’ ಎಂದು ಬಾಯಲ್ಲಿ ಹೇಳಿದ ಕಾರು ದಾಖಲೆಯಲ್ಲಿ ಮೂರನೇ ಮಾಲೀಕನದಾಗಿದ್ದರೆ, ಆ ಒಂದು ಸುಳ್ಳಿನ ಹಿಂದೆ ಇನ್ನೂ ಇವೆಯೆಂದೇ ತಿಳಿಯಬೇಕು. ವಿಂಡ್‌ಶೀಲ್ಡ್ ಮೇಲಿನ ನೋಂದಣಿ ಸ್ಟಿಕ್ಕರ್ ಪೆಟ್ರೋಲ್ ಕಾರಿಗೆ ತಿಳಿನೀಲಿ, ಡೀಸೆಲ್ ಕಾರಿಗೆ ಕಿತ್ತಳೆ ಬಣ್ಣದ್ದಿರುತ್ತದೆ. ಬಣ್ಣ ಬೇರೆಯಾಗಿದ್ದರೆ ಆ ಗಾಜು, ಆ ನಂಬರ್ ಪ್ಲೇಟು ಎಲ್ಲಿಂದ ಬಂದವೆಂದು ಕೇಳಬೇಕಾಗುತ್ತದೆ.

ಸಾಲದ ನಮೂದು ಬಹಳ ಮುಖ್ಯ. ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರಿದ್ದರೆ ಕಾರು ಇನ್ನೂ ಅವರ ಅಡಮಾನದಲ್ಲಿದೆ ಎಂದರ್ಥ. ಸಾಲ ತೀರಿದೆ ಎಂಬ ಬಾಯಿಮಾತಿಗೆ ಇಲ್ಲಿ ಜಾಗವಿಲ್ಲ. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರವೂ ಫಾರಂ 35 ಕೂಡ ಕೈಗೆ ಸಿಗಬೇಕು, ಅಡಮಾನ ರದ್ದಾದದ್ದು ಆನ್‌ಲೈನ್ ದಾಖಲೆಯಲ್ಲೂ ಕಾಣಬೇಕು. ಕಂತು ಕಟ್ಟದೆ ಜಪ್ತಿಯಾದ ಕಾರಾದರೆ ಜಪ್ತಿ ಮತ್ತು ಹರಾಜಿನ ಕಾಗದಗಳಿರಬೇಕು. ಎರಡು ಕೀ ಇವೆಯೇ ಎಂದು ಕೇಳುವುದು ಸಣ್ಣ ವಿಷಯದಂತೆ ಕಂಡರೂ, ಎರಡನೇ ಕೀ ಇಲ್ಲದಿರುವುದಕ್ಕೆ ನಂಬುವಂಥ ಕಾರಣ ಬೇಕು. ಅದು ಹಳೆಯ ಮಾಲೀಕನ ಕೈಯಲ್ಲೇ ಉಳಿದಿರಬಹುದು.

ಬೇರೆ ರಾಜ್ಯದ ನಂಬರಿನ ಕಾರುಗಳು ಈ ಭಾಗದಲ್ಲಿ ಸಾಮಾನ್ಯ. ಕೆಎ 34 ಬಳ್ಳಾರಿಯದು, ಕೆಎ 35 ಹೊಸಪೇಟೆಯದು, ಕೆಎ 37 ಕೊಪ್ಪಳದ್ದು. ಇವುಗಳ ನಡುವೆ ಎಪಿ ನಂಬರಿನ ಕಾರುಗಳು ಕಡಿಮೆ ಬೆಲೆಗೆ ಕಣ್ಣು ಸೆಳೆಯುತ್ತವೆ. ಹಿಂದೆ ಎಪಿ 02 ಎಂದರೆ ಅನಂತಪುರ, ಎಪಿ 21 ಎಂದರೆ ಕರ್ನೂಲು ಎಂದು ನಂಬರ್ ನೋಡಿಯೇ ಊರು ಹೇಳಬಹುದಿತ್ತು. 2019ರಿಂದ ಆಂಧ್ರದಲ್ಲಿ ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸಂಕೇತ ಬಂದದ್ದರಿಂದ ಈಗ ಪ್ಲೇಟು ನೋಡಿ ಊರು ತಿಳಿಯದು. ಇಂಥ ಕಾರಿನ ಬೆಲೆ ಅಗ್ಗವಿರುವುದಕ್ಕೆ ತೆರಿಗೆಯೇ ಕಾರಣ. ಕರ್ನಾಟಕದಲ್ಲಿ ಹೊಸ ಕಾರಿನ ಜೀವಾವಧಿ ತೆರಿಗೆ ಬೆಲೆಯ ಮೇಲೆ ಶೇ 13ರಿಂದ 18ರವರೆಗೆ ಇದೆ, ಅದರ ಮೇಲೆ ಸೆಸ್ ಬೇರೆ. ಹೊರಗಿನಿಂದ ಬಂದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಇದರ ಒಂದು ಭಾಗ ಕಟ್ಟಲೇಬೇಕು. ಮೂಲ ರಾಜ್ಯದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಇಲ್ಲದೆ ಇಲ್ಲಿ ನೋಂದಣಿ ಆಗದು. ಕಾರು ಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತದೆಂದು ಬರೆಸಿಕೊಂಡು, ಅದನ್ನು ಬೆಲೆಗೆ ಕೂಡಿಸಿ ನೋಡಿದರೆ ಎಷ್ಟೋ ‘ಅಗ್ಗದ’ ಕಾರುಗಳು ಸ್ಥಳೀಯ ಕಾರಿಗಿಂತ ದುಬಾರಿಯಾಗಿ ನಿಲ್ಲುತ್ತವೆ.

ದೆಹಲಿಯ ಡೀಸೆಲ್ ಕಾರುಗಳದು ಇನ್ನೊಂದು ಕಥೆ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ ಆದೇಶಿಸಿ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ದಕ್ಷಿಣಕ್ಕೂ ಹರಿದು ಬಂದವು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಡಿಎಲ್ ನಂಬರಿನ ಗಾಡಿ ನಿರಾಕ್ಷೇಪಣಾ ಪತ್ರವಿಲ್ಲದೆ ಅಂಗಳದಲ್ಲಿ ನಿಂತಿದ್ದರೆ ಅದನ್ನು ಮುಟ್ಟಬಾರದು.

ದೋಣಿಮಲೈಯ ಎನ್‌ಎಂಡಿಸಿಯಂಥ ಕೇಂದ್ರ ಸರ್ಕಾರಿ ಉದ್ದಿಮೆಯ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳವರಿಗೆ 2021ರ ಸೆಪ್ಟೆಂಬರ್‌ನಿಂದ ಬಿಎಚ್ ಸರಣಿಯ ನಂಬರ್ ಸಿಗುತ್ತಿದೆ. ಈ ಕಾರುಗಳಿಗೆ ಜೀವಾವಧಿ ತೆರಿಗೆ ಕಟ್ಟಿರುವುದಿಲ್ಲ, ಎರಡೆರಡು ವರ್ಷಕ್ಕೆ ಕಟ್ಟುವ ಪದ್ಧತಿ. ಬಿಎಚ್ ನಂಬರಿಗೆ ಅರ್ಹತೆಯಿಲ್ಲದವರು ಇಂಥ ಕಾರು ಕೊಂಡರೆ ರಾಜ್ಯದ ನಂಬರಿಗೆ ಬದಲಾಯಿಸಿ ತೆರಿಗೆ ಕಟ್ಟಬೇಕಾಗುತ್ತದೆ. ವರ್ಗವಾಗಿ ಹೊರಟ ನೌಕರರ ಕಾರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಮಾರುವವರಿಗೆ ಬಚ್ಚಿಡುವ ಉದ್ದೇಶವೂ ಇರುವುದಿಲ್ಲ. ತೆರಿಗೆಯ ಈ ಲೆಕ್ಕವೊಂದನ್ನು ಮಾತ್ರ ಮರೆಯಬಾರದು.

ಕಾರಿನ ವಯಸ್ಸೂ ಕಾಗದದ ಪ್ರಶ್ನೆಯೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಜುಲೈನಲ್ಲಿ. ಅದಕ್ಕೆ ಮುಂಚಿನ ಅದಿರಿನ ಸುಗ್ಗಿಯ ವರ್ಷಗಳಲ್ಲಿ ಕೊಂಡ ಕಾರುಗಳಿಗೆ ಈಗ ಆ ಗಡುವು ದಾಟಿದೆ, ಇಲ್ಲವೇ ಹೊಸ್ತಿಲಲ್ಲಿದೆ. ನವೀಕರಣಕ್ಕೆ ಕಾರನ್ನು ತಪಾಸಣೆಗೆ ಒಪ್ಪಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಗಿದೆ; 20 ವರ್ಷ ಮೀರಿದ ಕಾರಿಗೆ 2025ರಿಂದ 10,000. ತಡವಾದರೆ ತಿಂಗಳಿಗೆ 500ರಂತೆ ದಂಡ ಬೆಳೆಯುತ್ತದೆ. ನೋಂದಣಿ ಮುಗಿದ ಕಾರನ್ನು ‘ನೀವೇ ಎಫ್‌ಸಿ ಮಾಡಿಸಿಕೊಳ್ಳಿ’ ಎಂದು ಕೊಡುವ ಡೀಲರ್ ತನ್ನ ತಲೆನೋವನ್ನು ಗಿರಾಕಿಗೆ ದಾಟಿಸುತ್ತಿದ್ದಾನೆ.

ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಗಳನ್ನು ಗುರುತಿಸುವುದು ಈ ಭಾಗದಲ್ಲಿ ಮುಖ್ಯ ಕೆಲಸ. ಬದಲಾವಣೆ ಕಾನೂನುಬದ್ಧವೇ. ಆದರೆ ಅದನ್ನು ಮುಚ್ಚಿಟ್ಟು ಮಾರುವುದು ಮೋಸ. ದಾಖಲೆಯ ಹಳೆಯ ವಿವರದಲ್ಲಿ ಪರ್ಮಿಟ್, ಫಿಟ್‌ನೆಸ್ ನಮೂದುಗಳಿದ್ದರೆ ಗಾಡಿ ಬಾಡಿಗೆಗೆ ಓಡಿದೆ. ಸೀಟಿನ ಕೆಳಗೆ, ಬಂಪರ್ ಅಂಚಿನಲ್ಲಿ ಉಳಿದ ಹಳದಿ ಪಟ್ಟಿಯ ಅಂಟು, ಸ್ಪೀಡ್ ಗವರ್ನರ್ ಕಿತ್ತ ಜಾಗ, ಹಿಂದಿನ ಸೀಟು ಮುಂದಿನ ಸೀಟಿಗಿಂತ ಹೆಚ್ಚು ಸವೆದಿರುವುದು ಇದನ್ನೇ ಹೇಳುತ್ತವೆ.

ಧೂಳು, ನೀರು, ತುಕ್ಕು

ಇನ್ನು ಕಾರು. ನೋಡಲು ಹೋಗಬೇಕಾದ್ದು ಹಗಲಿನಲ್ಲಿ, ಮಳೆಯಿಲ್ಲದಾಗ, ಕಾರು ಒಣಗಿದ್ದಾಗ. ಟ್ಯೂಬ್‌ಲೈಟ್ ಬೆಳಕಿನಲ್ಲಿ, ಆಗ ತಾನೆ ನೀರು ಹಾಕಿ ತೊಳೆದ ಗಾಡಿಯ ಬಣ್ಣದ ವ್ಯತ್ಯಾಸ ಕಣ್ಣಿಗೆ ಬೀಳದು.

ಸಂಡೂರು, ತೋರಣಗಲ್ಲಿನ ಕೆಂಧೂಳು ಯಾವ ಗಾಡಿಯನ್ನೂ ಬಿಟ್ಟಿಲ್ಲ. ಬಾಗಿಲಿನ ರಬ್ಬರ್ ಸಂದಿ, ಸೀಟ್ ಜಾರುವ ಹಳಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ, ಬೋನೆಟ್ ಕೆಳಗಿನ ಮೂಲೆಗಳು ಇಲ್ಲೆಲ್ಲ ತೆಳುವಾಗಿ ಕೂತ ಕೆಂಪು ಸಹಜವಾದದ್ದು, ಅದಕ್ಕೆ ಹೆದರಬೇಕಿಲ್ಲ. ಹತ್ತು ವರ್ಷ ಇದೇ ಸೀಮೆಯಲ್ಲಿ ಓಡಿದೆ ಎನ್ನುವ ಕಾರಿನಲ್ಲಿ ಧೂಳಿನ ಸುಳಿವೇ ಇಲ್ಲದಿದ್ದರೆ, ಒಳಗಿನ ಹಾಸು, ರಬ್ಬರು, ಸೀಟ್ ಕವರು ಎಲ್ಲ ಒಟ್ಟಿಗೇ ಹೊಸದಾಗಿದ್ದರೆ, ಆಗ ಯೋಚಿಸಬೇಕು. ಅಷ್ಟೊಂದು ಖರ್ಚು ಮಾಡಿ ಮುಚ್ಚಿದ್ದು ಏನನ್ನು ಎಂಬ ಪ್ರಶ್ನೆ ಏಳುತ್ತದೆ.

ಧೂಳಿನಿಂದ ನಿಜವಾಗಿ ಹಾಳಾಗುವುದು ಇಂಜಿನ್. ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದೆ ಓಡಿಸಿದ ಗಾಡಿಯಲ್ಲಿ ಅದಿರಿನ ಸಣ್ಣ ಕಣಗಳು ಫಿಲ್ಟರ್ ದಾಟಿ ಒಳಗೆ ಹೋಗಿ ಸಿಲಿಂಡರಿನ ಗೋಡೆಯನ್ನೂ ಟರ್ಬೊವನ್ನೂ ಉಜ್ಜಿ ಸವೆಸುತ್ತವೆ. ಇದನ್ನು ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆಯಿದೆ. ಫಿಲ್ಟರ್ ಡಬ್ಬಿ ತೆಗೆದು, ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಕೆಂಪಾದರೆ ಧೂಳು ಇಂಜಿನ್ ಸೇರಿದೆ. ಫಿಲ್ಟರ್ ಹೊಸದಿದ್ದು ಕೊಳವೆಯಲ್ಲಿ ಕೆಂಪಿದ್ದರಂತೂ ಮಾರಾಟಕ್ಕೆಂದೇ ಫಿಲ್ಟರ್ ಹಾಕಿದ್ದಾರೆ. ಎರಡು ನಿಮಿಷದ ಈ ಪರೀಕ್ಷೆಗೆ ಡೀಲರ್ ಬೇಡ ಎಂದರೆ ಕಾರಣ ತಿಳಿದಂತೆಯೇ.

ಗಣಿ ರಸ್ತೆಯಲ್ಲಿ ಓಡಿದ ಗಾಡಿಯನ್ನು ಕೆಳಗಿನಿಂದ ನೋಡಬೇಕು. ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿಗೂ ಸೈಲೆನ್ಸರಿಗೂ ಕಲ್ಲು ಬಡಿದು ಬಿದ್ದ ತಗ್ಗುಗಳು, ಹರಿದ ಬುಷ್‌ಗಳು, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್‌ಗಳು, ಟೈರಿನ ಒಂದೇ ಅಂಚು ಸವೆದಿರುವುದು ಅದರ ಗುರುತುಗಳು. ಇವುಗಳಲ್ಲಿ ಹೆಚ್ಚಿನವು ರಿಪೇರಿಯಾಗುವಂಥವೇ. ಅವುಗಳ ಖರ್ಚು ಬೆಲೆಯಲ್ಲಿ ಕಳೆಯಬೇಕು, ಅಷ್ಟೆ.

ತುಕ್ಕಿನ ವಿಷಯ ಹಾಗಲ್ಲ. ಬಳ್ಳಾರಿ ಸೀಮೆ ಒಣಹವೆಯದು. ಇಲ್ಲಿಯೇ ಬಾಳಿದ ಕಾರಿನ ತಳದಲ್ಲಿ ಆಳವಾದ ತುಕ್ಕು ಬರುವುದು ಅಪರೂಪ. ತಳದ ತಗಡು ಪೊರೆಪೊರೆಯಾಗಿ ಏಳುತ್ತಿದ್ದರೆ ಆ ಕಾರು ಕರಾವಳಿಯಲ್ಲಿ ಬಾಳಿದೆ, ಇಲ್ಲವೇ ನೀರಿನಲ್ಲಿ ನಿಂತಿದೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿಯ ಸೇತುವೆ ಮುಳುಗುವುದು, ನದಿಯಂಚಿನ ಊರುಗಳಿಗೆ ನೀರು ನುಗ್ಗುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಆದರೆ ನೀರು ಕುಡಿದ ಕಾರುಗಳು ಹೆಚ್ಚಾಗಿ ಬರುವುದು ದೊಡ್ಡ ನಗರಗಳಿಂದ. 2015 ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯ, 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡ ಹೀಗೆ ನೆರೆ ಬಂದ ಕಡೆಯೆಲ್ಲ ಸಾವಿರಾರು ಕಾರುಗಳು ಮುಳುಗಿದ್ದವು. ವಿಮಾ ಕಂಪನಿಗಳು ಪೂರ್ತಿ ಹಾನಿ ಎಂದು ಬರೆದು ಹರಾಜು ಹಾಕಿದ ಕಾರು ತೊಳೆಸಿಕೊಂಡು ದೂರದ ಊರಿನಲ್ಲಿ ಮಾರಾಟಕ್ಕೆ ನಿಲ್ಲುತ್ತದೆ.

ಮುಳುಗಿದ ಕಾರನ್ನು ಮೊದಲು ಹಿಡಿಯುವುದು ಮೂಗು. ಕಿಟಕಿ ಮುಚ್ಚಿ ಬಿಸಿಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಾಗಿಲು ತೆರೆದರೆ ಮುಗ್ಗಲು ವಾಸನೆ ಬರುತ್ತದೆ. ಘಾಟು ಸುಗಂಧ ಸಿಂಪಡಿಸಿದ್ದರೆ ಅದೂ ಒಂದು ಸುಳಿವೇ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಹೊರಗಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂಗಳಿಗೆ ತುಕ್ಕು, ಹೆಡ್‌ಲೈಟಿನ ಒಳಗೆ ಹಬೆ, ಹಾಸಿನ ಕೆಳಗೆ ನುಣ್ಣನೆಯ ಮಣ್ಣು ಕಂಡರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬರಬೇಕು. ಬೆಲೆ ಅರ್ಧಕ್ಕೆ ಇಳಿಸಿದರೂ ಬೇಡ. ಇಂದಿನ ಕಾರುಗಳ ವೈರಿಂಗ್ ಮತ್ತು ಏರ್‌ಬ್ಯಾಗ್ ಮಾಡ್ಯೂಲುಗಳು ನೀರು ಕುಡಿದ ಮೇಲೆ ಯಾವಾಗ ಕೈಕೊಡುತ್ತವೆಂದು ಯಾರೂ ಹೇಳಲಾರರು. ರಿಪೇರಿಯ ಲೆಕ್ಕಕ್ಕೆ ಸಿಗದ ದೋಷ ಇದೊಂದೇ.

ಅಪಘಾತದ ಗುರುತು ಹುಡುಕುವಾಗ ಬಣ್ಣಕ್ಕಿಂತ ಸಂದುಗಳನ್ನು ನೋಡಬೇಕು. ಬೋನೆಟ್ ಮತ್ತು ಫೆಂಡರ್ ನಡುವಿನ ಸಂದು ಎಡಬಲ ಒಂದೇ ಅಗಲವಿರಬೇಕು. ಬೋನೆಟ್, ಬಾಗಿಲುಗಳನ್ನು ಹಿಡಿದ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ರಬ್ಬರ್ ಪಟ್ಟಿ ಎತ್ತಿದರೆ ಕೆಳಗೆ ಕಂಪನಿಯ ಸ್ಪಾಟ್ ವೆಲ್ಡ್ ಸಾಲಾಗಿ ಬೊಟ್ಟಿಟ್ಟಂತೆ ಕಾಣಬೇಕು. ಅಲ್ಲಿ ಒರಟು ವೆಲ್ಡಿಂಗ್ ಇದ್ದರೆ ಗಾಡಿಯ ಅಸ್ಥಿಪಂಜರಕ್ಕೇ ಪೆಟ್ಟಾಗಿದೆ. ಪುಟ್ಟಿ ದಪ್ಪಗೆ ಹಚ್ಚಿದ ಕಡೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯುವುದಿಲ್ಲ, ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಈ ಪರೀಕ್ಷೆ ನಡೆಯದು. ಗಾಜುಗಳ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತಿರುತ್ತದೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಆ ಬದಿ ಒಡೆದದ್ದು ಯಾವಾಗ ಎಂದು ಕೇಳಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವೇ ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೆ ದೀಪವನ್ನೇ ಕಿತ್ತಿರಬಹುದು, ಸಿಡಿದ ಏರ್‌ಬ್ಯಾಗ್ ಜಾಗದಲ್ಲಿ ಬರೀ ಮುಚ್ಚಳ ಇರಬಹುದು. ಇದು ಹಣದ ಮಾತಲ್ಲ, ಜೀವದ ಮಾತು.

ವಿಮಾ ಪಾಲಿಸಿಯೂ ಅಪಘಾತದ ಬಗ್ಗೆ ಸಾಕ್ಷಿ ಹೇಳುತ್ತದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಬೋನಸ್ ಶೇ 20, 25, 35, 45, ಕೊನೆಗೆ 50ರವರೆಗೆ ಏರುತ್ತದೆ. ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಈಚೆಗೆ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ಬಹಳ ದಿನ ಬಿಟ್ಟುಹೋಗಿದೆ, ಇಲ್ಲವೇ ಮಾಲೀಕರು ಬದಲಾಗಿದ್ದಾರೆ. ಮೂರರಲ್ಲಿ ಯಾವುದೆಂದು ಡೀಲರ್ ಹೇಳಲೇಬೇಕು.

ಮೀಟರಿನ ಲೆಕ್ಕ

ಮೀಟರ್ ಹಿಂದಕ್ಕೆ ತಿರುಗಿಸುವುದು ಇಂದು ಲ್ಯಾಪ್‌ಟಾಪಿನ ಕೆಲಸ, ಕೆಲ ನಿಮಿಷ ಸಾಕು. ಹಾಗಾಗಿ ಡ್ಯಾಶ್‌ಬೋರ್ಡಿನ ಅಂಕಿಯನ್ನು ನಂಬದೆ ಅದನ್ನು ಬೇರೆ ಕಡೆಯಿಂದ ಲೆಕ್ಕ ಹಾಕಬೇಕು. ತೋರಣಗಲ್ಲಿನಿಂದ ಹೊಸಪೇಟೆಗೋ ಬಳ್ಳಾರಿಗೋ ಹೋಗುವ ದಾರಿ ಸುಮಾರು 30 ಕಿಲೋಮೀಟರ್. ಕೆಲಸಕ್ಕೆ ದಿನವೂ ಹೋಗಿ ಬರಲು ಬಳಸಿದ ಕಾರು ದಿನಕ್ಕೆ 60 ಕಿಲೋಮೀಟರಿನಂತೆ ವರ್ಷದ 300 ದಿನಕ್ಕೆ 18,000 ಓಡುತ್ತದೆ. ಐದು ವರ್ಷಕ್ಕೆ 90,000. ಅಂಥ ಕಾರಿನ ಮೀಟರ್ 38,000 ತೋರಿಸುತ್ತಿದ್ದರೆ ಯಾವುದೋ ಒಂದು ಮಾತು ಸುಳ್ಳು: ಬಳಕೆಯ ಕಥೆಯೋ, ಮೀಟರೋ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಂಪನಿ ಟೈರುಗಳು ಸಾಮಾನ್ಯವಾಗಿ 40,000 ಕಿಲೋಮೀಟರಿನ ಆಸುಪಾಸು ಬಾಳುತ್ತವೆ. 30,000 ಓಡಿದೆ ಎನ್ನುವ ಕಾರಿನ ನಾಲ್ಕೂ ಟೈರು ಕಾರಿಗಿಂತ ಮೂರು ವರ್ಷ ಹೊಸದಾಗಿದ್ದರೆ ಮೀಟರಿನ ಮಾತು ನಿಲ್ಲುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಮೇಲ್ಭಾಗ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಇವು ಕಾಲು, ಕೈ, ಸೊಂಟ ತಾಗಿ ಸವೆಯುವ ಜಾಗಗಳು. ಇವು ನುಣುಪಾಗಿ ಹೋಗಿದ್ದು ಮೀಟರ್ ಮಾತ್ರ ಕಡಿಮೆ ತೋರಿಸುತ್ತಿದ್ದರೆ ನಂಬಬಾರದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಮಾಲೀಕರ ಒಪ್ಪಿಗೆಯಿಂದ ಅಲ್ಲಿ ವಿಚಾರಿಸಿದರೆ ಯಾವ ದಿನ ಎಷ್ಟು ಕಿಲೋಮೀಟರಿಗೆ ಸರ್ವಿಸ್ ಆಯಿತೆಂಬುದು ಸಿಗುತ್ತದೆ. ‘ಸರ್ವಿಸ್ ಎಲ್ಲ ಹೊರಗೇ ಮಾಡಿಸಿದ್ದು, ಬುಕ್ ಕಳೆದುಹೋಗಿದೆ’ ಎಂದರೆ ಮೀಟರಿಗೆ ಯಾವ ಬೆಲೆಯನ್ನೂ ಕೊಡದೆ, ಕಾರಿನ ಸ್ಥಿತಿಯೊಂದನ್ನೇ ನೋಡಿ ಬೆಲೆ ಕಟ್ಟಬೇಕು.

ಓಡಿಸಿ ನೋಡುವಾಗ

ಟ್ರಯಲ್‌ಗೆ ಹೋಗುವವರು ಇಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಬೇಕು. ಅಲ್ಲಿ ಹೋದಾಗ ಬೋನೆಟ್ ಬಿಸಿಯಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಾಗಿರಬಹುದು. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೇರುತ್ತಿದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಹೊಗೆ ರಭಸದಿಂದ ಉಗುಳಬಾರದು, ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಜಿಡ್ಡಿರಬಾರದು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬಾರದು, ಕುದಿನೀರು ಮುಖಕ್ಕೆ ಎರಚುತ್ತದೆ.

ಅಂಗಳದ ಸುತ್ತ ಒಂದು ರೌಂಡು ಹೊಡೆದರೆ ಟ್ರಯಲ್ ಆಗುವುದಿಲ್ಲ. ಹೆದ್ದಾರಿಯಲ್ಲಿ ಒಂದಿಷ್ಟು ದೂರ, ಸಂಡೂರಿನ ಗುಡ್ಡದ ಏರಿನಲ್ಲಿ ಒಂದಿಷ್ಟು ದೂರ ಓಡಿಸಬೇಕು. ಏರಿನಲ್ಲಿ ಇಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಹೆದ್ದಾರಿಯಲ್ಲಿ ಸ್ಟೀರಿಂಗ್ ಸಡಿಲ ಬಿಟ್ಟಾಗ ಒಂದೇ ಕಡೆಗೆ ಎಳೆದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಚಾಸಿ ಸೊಟ್ಟಗಾಗಿದೆ. ಏಸಿಯನ್ನು ಪರೀಕ್ಷಿಸಬೇಕಾದ್ದು ಏಪ್ರಿಲ್–ಮೇ ತಿಂಗಳ ನಡುಮಧ್ಯಾಹ್ನ; 40 ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿನಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗಲೂ ಅದು ತಂಪು ಕೊಡಬೇಕು, ಟೆಂಪರೇಚರ್ ಮುಳ್ಳು ನಡುವೆಯೇ ನಿಲ್ಲಬೇಕು.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆಗಾಗ ಹೆದ್ದಾರಿಯಲ್ಲಿ ದೂರ ಓಡಿದರಷ್ಟೇ ಅದರ ಮಸಿ ಸುಟ್ಟುಹೋಗುತ್ತದೆ. ಕಾಲೊನಿಯಿಂದ ಕಾರ್ಖಾನೆ ಗೇಟಿನವರೆಗೆ ಮಾತ್ರ ಓಡಾಡಿದ ಡೀಸೆಲ್ ಕಾರಿನಲ್ಲಿ ಅದು ಕಟ್ಟಿಕೊಂಡಿರುತ್ತದೆ, ಬದಲಿಸುವ ಖರ್ಚು ಬಹಳ. ಕಡಿಮೆ ಕಿಲೋಮೀಟರ್ ಓಡಿದ್ದು ಯಾವಾಗಲೂ ಲಾಭವೇನಲ್ಲ ಎಂಬುದಕ್ಕೆ ಇದೊಂದು ಉದಾಹರಣೆ. ಸ್ಕ್ಯಾನರ್ ಹಾಕಿಸಿದರೆ ಇದೂ ತಿಳಿಯುತ್ತದೆ, ನೋಡುವ ಮುನ್ನ ದೋಷದ ಕೋಡುಗಳನ್ನು ಅಳಿಸಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಗೊತ್ತಿರುವ ಮೆಕ್ಯಾನಿಕ್‌ಗೆ ಒಂದಿಷ್ಟು ಹಣ ಕೊಟ್ಟು ಕರೆದೊಯ್ಯುವುದು ಈ ಇಡೀ ವ್ಯವಹಾರದಲ್ಲಿ ಅತಿ ಕಡಿಮೆಯ, ಅತಿ ಉಪಯೋಗದ ಖರ್ಚು. ಹೊರಗಿನ ಮೆಕ್ಯಾನಿಕ್‌ಗೆ ಕಾರು ತೋರಿಸಲು ಒಪ್ಪದ ಡೀಲರ್ ಹತ್ತಿರ ಎರಡನೇ ಮಾತೇ ಬೇಡ.

ಚಾಸಿ ನಂಬರಿನ 17 ಅಕ್ಷರಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ಹೋಲಿಸಬೇಕು. ಕೆರೆದ, ಮತ್ತೆ ಕೊರೆದ ಗುರುತಿದ್ದರೆ ಕದ್ದ ಗಾಡಿಯ ಅನುಮಾನ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ‘ವಾಹನ್ ಸಮನ್ವಯ’ ಸೇವೆಯಲ್ಲಿ ಕಳುವಾದ ವಾಹನಗಳ ಪಟ್ಟಿಯ ಜೊತೆ ಅದನ್ನು ತಾಳೆ ನೋಡಬಹುದು.

ಹಣ ಕೊಡುವಾಗ, ಕೊಟ್ಟ ಮೇಲೆ

ಡೀಲರನ ಆತುರ ಎಲ್ಲಕ್ಕಿಂತ ದೊಡ್ಡ ಸುಳಿವು. ‘ಸಂಜೆ ಇನ್ನೊಬ್ಬರು ಬರುತ್ತಾರೆ, ಈಗಲೇ ಟೋಕನ್ ಹಾಕಿ’ ಎಂಬ ಮಾತಿಗೆ ಮಣಿದವರೇ ಮೇಲಿನ ತಪಾಸಣೆಗಳನ್ನೆಲ್ಲ ಬಿಟ್ಟುಬಿಡುವುದು. ಟೋಕನ್ ಕೊಡುವುದಾದರೂ ಯಾವ ಕಾರು, ಒಟ್ಟು ಬೆಲೆ ಎಷ್ಟು, ಕಾಗದ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂಬ ಮೂರು ಮಾತು ರಸೀದಿಯಲ್ಲಿರಬೇಕು. ಹಣ ಬ್ಯಾಂಕ್ ಮೂಲಕ, ರಸೀದಿ ಕೊಟ್ಟವರ ಖಾತೆಗೇ ಹೋಗಬೇಕು. ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ. ಇಂಜಿನ್ನಿಗೋ ಗೇರ್‌ಬಾಕ್ಸಿಗೋ ಎಷ್ಟು ತಿಂಗಳು ಎಂದು ಬರೆದು ಕೊಡಬೇಕು. ಜಿಎಸ್‌ಟಿಯ ಹೆಸರಿನಲ್ಲಿ ಪೂರ್ತಿ ಬೆಲೆಯ ಮೇಲೆ ಶೇ 18 ಕೇಳಿದರೆ ಅದು ತಪ್ಪು. 2025ರಿಂದ ಎಲ್ಲ ಹಳೆಯ ಕಾರುಗಳಿಗೂ ಅನ್ವಯವಾದ ಶೇ 18ರ ದರ ಡೀಲರನ ಲಾಭದ ಅಂತರಕ್ಕೆ ಮಾತ್ರ.

ಕಾರು ಮನೆಗೆ ಬಂದ ಮೇಲೆ ಕಾಲದ ಲೆಕ್ಕ ಶುರು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೆಯವರ ಹಾನಿಗೆ ವಿಮೆ ತಾನಾಗಿ ದಾಟುತ್ತದೆ, ಸ್ವಂತ ಕಾರಿನ ಹಾನಿಗೆ ದಾಟುವುದಿಲ್ಲ. ಹಳೆಯ ಮಾಲೀಕರ ಬೋನಸ್ ಅವರ ಜೊತೆಯೇ ಹೋಗುವುದರಿಂದ ಪ್ರೀಮಿಯಂ ಸ್ವಲ್ಪ ಏರುತ್ತದೆ. ಅವರ ಫಾಸ್ಟ್ಯಾಗ್ ತೆಗೆಸಿ ಹೊಸದು ಹಾಕಿಸಬೇಕು. ಬಾಕಿ ದಂಡಗಳನ್ನು ಹಣ ಕೊಡುವ ಮುನ್ನವೇ ಮಾರುವವರಿಂದ ಕಟ್ಟಿಸಬೇಕು.

ಇಷ್ಟೆಲ್ಲ ನೋಡಿಯೂ ಮೋಸವಾದರೆ ಸುಮ್ಮನಿರಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೊಂಡವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಡೀಲರ್ ಬೆಂಗಳೂರಿನಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ರಸೀದಿ, ಜಾಹೀರಾತಿನ ಚಿತ್ರ, ವಾಟ್ಸ್ಆ್ಯಪ್ ಮಾತುಕತೆ, ಕೊಂಡ ದಿನದ ಮೀಟರಿನ ಫೋಟೊ ಇವನ್ನು ಜೋಪಾನವಾಗಿಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ದೂರು ದಾಖಲಿಸಲು ಇರುವ ಅವಧಿ ಎರಡು ವರ್ಷ.